ಹೆಸರಿಲ್ಲದ ನೂರ ಮೂವತ್ತೇಳು ಕೀಲಿಗಳು

ಮನೆ ಮಾರಿಸುವ, ಬಾಡಿಗೆಗೆ ಕೊಡಿಸುವ ಆ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕೀಲಿಯಕ್ಕ ಎಂದೇ. ಇಪ್ಪತ್ತೆರಡು ವರ್ಷದ ಹಿಂದೆ ಅವಳು ಸೇರಿದ್ದು ಟೈಪು ಮಾಡುವ ಕೆಲಸಕ್ಕೆ. ಸೇರಿದ ಎರಡನೆಯ ವಾರದಲ್ಲಿ ಯಜಮಾನರು ಒಂದು ಕೀಲಿಗಾಗಿ ಮೂರು ಡ್ರಾಯರುಗಳನ್ನು ನೆಲದ ಮೇಲೆ ಕವುಚಿ, ಅದರ ನಡುವೆ ತಾವೂ ಕೂತಿದ್ದರು. ಬಾಗಿಲಲ್ಲಿ ಮನೆ ನೋಡಲು ಬಂದ ದಂಪತಿ ಕಾಯುತ್ತಿದ್ದರು. ಆ ದೃಶ್ಯವನ್ನು ನೋಡಲಾರದೆ ಅವಳು ಬಡಗಿಯನ್ನು ಕರೆಸಿ, ಗೋಡೆಗೆ ಒಂದು ಹಲಗೆ ಹೊಡೆಸಿ, ಸಾಲಾಗಿ ಕೊಕ್ಕೆ ಹಾಕಿಸಿ, ಕೀಲಿಗಳನ್ನೆಲ್ಲ ತೂಗುಹಾಕಿದಳು. ಟೈಪಿಂಗ್ ಅಂದೇ ಬೇರೆಯವರ ಪಾಲಾಯಿತು. ಕೀಲಿಗಳು ಇವಳ ಕೊರಳಿಗೆ ಬಿದ್ದವು.

ಮೊದಮೊದಲು ಪ್ರತಿ ಕೀಲಿಗೂ ವಿಳಾಸ ಬರೆದ ಚೀಟಿ ಕಟ್ಟಿರುತ್ತಿದ್ದರು. ಒಮ್ಮೆ ಒಂದು ಕೀಲಿ ಬಸ್ಸಿನಲ್ಲಿ ಬಿದ್ದುಹೋಯಿತು. ಸಿಕ್ಕಿದವನು ಸಭ್ಯ ಮನುಷ್ಯ. ಹನ್ನೊಂದು ದಿನದ ಮೇಲೆ ತಾನಾಗಿ ಕಚೇರಿ ಹುಡುಕಿಕೊಂಡು ಬಂದು ಕೀಲಿ ಒಪ್ಪಿಸಿದ. "ಮನೆ ಚೆನ್ನಾಗಿದೆ ಸಾರ್, ಆದ್ರೆ ಬಚ್ಚಲಲ್ಲಿ ನೀರು ಸರಿಯಾಗಿ ಹೋಗಲ್ಲ, ಒಂಚೂರು ನೋಡಿಸಿ" ಎಂದು ಹೇಳಿಹೋದ. ಆ ಹನ್ನೊಂದು ದಿನವೂ ಅಲ್ಲೇ ಸಂಸಾರ ಹೂಡಿದ್ದನಂತೆ. ಅಂದಿನಿಂದ ಯಜಮಾನರ ಕಟ್ಟಪ್ಪಣೆ: ಕೀಲಿಯ ಮೇಲೆ ಹೆಸರು, ನಂಬರು, ಗುರುತು ಏನೂ ಇರಕೂಡದು. ಯಾವ ಕೀಲಿ ಯಾವ ಮನೆಯದು ಎಂದು ಹೇಳಬೇಕಾದ್ದು ಕೊಕ್ಕೆ ಮಾತ್ರ.

ಹೀಗಾಗಿ ಆ ಹಲಗೆಯೇ ಊರಾಯಿತು. ಎಡತುದಿಯಲ್ಲಿ ರೈಲು ಹಳಿಯ ಆಚೆಗಿನ ಮನೆಗಳು. ಬಲತುದಿಯಲ್ಲಿ ಆಸ್ಪತ್ರೆ ರಸ್ತೆ. ಮೇಲಿನ ಸಾಲು ಲಿಫ್ಟ್ ಇರುವ ಕಟ್ಟಡಗಳಿಗೆ, ಕೆಳಗಿನ ಸಾಲು ಹಳೆಯ ಒಂಟಿ ಮನೆಗಳಿಗೆ. ಇದು ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. "ಅಕ್ಕಾ, ಶಾಲೆ ಹಿಂದಿನ ಎರಡು ರೂಮಿನ ಮನೆ" ಎಂದರೆ ಅವಳು ತಿರುಗಿ ನೋಡದೆಯೇ ಕೈ ಹಿಂದೆ ಚಾಚಿ ಕೀಲಿ ತೆಗೆದು ಕೊಡುತ್ತಿದ್ದಳು. ಹೊಸಬರು ಇದನ್ನು ನೋಡಿ ಬಾಯಿ ಬಿಡುತ್ತಿದ್ದರು.

ಮನೆಯಲ್ಲಿ ಮಾತ್ರ ಈ ವಿದ್ಯೆಗೆ ಬೆಲೆಯಿರಲಿಲ್ಲ. ಕೀಲಿಯಕ್ಕನದು ಎರಡು ಕೋಣೆಯ ಬಾಡಿಗೆ ಮನೆ. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವನು, ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಅವನು ಉಳಿಸಿದ ಮಾತನ್ನೆಲ್ಲ ಅವನ ತಾಯಿ ಖರ್ಚು ಮಾಡುತ್ತಿದ್ದಳು.

"ಊರೋರ ಮನೆ ಕೀಲಿಯೆಲ್ಲ ಕಣ್ಮುಚ್ಚಿ ತೆಗೀತಾಳಂತೆ," ಎಂದು ಅತ್ತೆ ಗೋಡೆಯ ಕಡೆ ತಿರುಗಿ ಹೇಳುವಳು, "ನಮ್ಮನೆ ಕೀಲಿಗೆ ಮಾತ್ರ ದಿನಾ ಬೆಳಿಗ್ಗೆ ಬ್ಯಾಗು ಸುರೀತಾಳೆ."

"ಬ್ಯಾಗಲ್ಲಿ ಕೊಕ್ಕೆ ಇಲ್ಲ ಅತ್ತೆ," ಎನ್ನುವಳು ಕೀಲಿಯಕ್ಕ.

ಕಚೇರಿ ಇದ್ದದ್ದು ಎರಡನೆಯ ಮಹಡಿಯಲ್ಲಿ. ಆ ಕಟ್ಟಡದ ಮೆಟ್ಟಿಲು ಎಷ್ಟು ಕಡಿದಾಗಿತ್ತೆಂದರೆ, ಮನೆ ಕೊಳ್ಳಲು ಬಂದವರು ಮೇಲೆ ತಲುಪುವಷ್ಟರಲ್ಲಿ ನೆಲಮಹಡಿಯ ಮನೆಯೇ ಬೇಕೆಂದು ಹಟ ಹಿಡಿಯುತ್ತಿದ್ದರು. ಈಗ ಆ ಕಟ್ಟಡವನ್ನೇ ಕೆಡವುವುದೆಂದು ತೀರ್ಮಾನವಾಗಿತ್ತು. ಯಜಮಾನರ ಅಳಿಯ ಮುಖ್ಯರಸ್ತೆಯಲ್ಲಿ, ನೆಲಮಹಡಿಯಲ್ಲಿ, ಮುಂದೆಲ್ಲ ಗಾಜಿರುವ ಜಾಗವೊಂದನ್ನು ಹಿಡಿದಿದ್ದ. ಅಳಿಯ ವ್ಯವಹಾರಕ್ಕೆ ಬಂದು ಒಂದೂವರೆ ವರ್ಷವಾಗಿತ್ತು. ಕೆಟ್ಟವನಲ್ಲ. ಎಲ್ಲವನ್ನೂ ಅಚ್ಚುಕಟ್ಟು ಮಾಡಬೇಕೆಂಬ ಹುಚ್ಚು ಇತ್ತು, ಅಷ್ಟೆ. ಪೆನ್ನುಗಳನ್ನು ಕೂಡ ಉದ್ದದ ಪ್ರಕಾರ ಜೋಡಿಸಿಡುತ್ತಿದ್ದ.

ಅವನು ಹೊಸ ಕಚೇರಿಯ ನಕ್ಷೆಯನ್ನು ಮೇಜಿನ ಮೇಲೆ ಹರಡಿದಾಗ ಕೀಲಿಯಕ್ಕನೂ ಬಗ್ಗಿ ನೋಡಿದಳು. ಇಪ್ಪತ್ತೆರಡು ವರ್ಷ ಮನೆಗಳ ನಕ್ಷೆ ನೋಡಿದವಳು, ಮೊದಲು ಎಣಿಸಿದ್ದು ಕುರ್ಚಿಗಳನ್ನು. ಕೆಲಸದವರು ಆರು ಜನ. ಮೇಜಿನ ಹಿಂದಿನ ಕುರ್ಚಿಗಳು ಐದು. ಮತ್ತೊಮ್ಮೆ ಎಣಿಸಿದಳು. ಐದೇ.

"ಕೀಲಿ ಹಲಗೆ ಎಲ್ಲಿ ಬರುತ್ತೆ?" ಎಂದಳು.

"ಹಲಗೆ ಇಲ್ಲ ಅಕ್ಕ. ಅದಕ್ಕೊಂದು ಪೆಟ್ಟಿಗೆ ಬರುತ್ತೆ. ಮೊಬೈಲಲ್ಲಿ ಮನೆ ಹೆಸರು ಒತ್ತಿದ್ರೆ ಸಾಕು, ಆ ಖಾನೆ ತಾನೇ ತೆರೆದುಕೊಳ್ಳುತ್ತೆ."

"ಮತ್ತೆ ನಾನು?"

ಅಳಿಯ ನಕ್ಷೆಯ ಮೂಲೆಯೊಂದನ್ನು ಬೆರಳಿನಿಂದ ಸರಿಮಾಡಿದ. "ನೀವಾ... ನೋಡೋಣ ಅಕ್ಕ. ಹೋದ್ಮೇಲೆ ನೋಡೋಣ."

ಮನೆ ನೋಡಲು ಬಂದವರು ಹೊರಡುವಾಗ 'ನೋಡೋಣ' ಎಂದರೆ ಅದರ ಅರ್ಥವೇನೆಂದು ಆ ಕಚೇರಿಯಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅವಳು ತನ್ನ ಜಾಗಕ್ಕೆ ಹೋಗಿ ಕೂತಳು. ಜಾಗ ಇನ್ನೂ ಎಂಟು ದಿನ ಅವಳದಾಗಿತ್ತು.

ಸಾಗಿಸುವ ದಿನಕ್ಕೆ ಅವಳು ಒಂದು ಉಪಾಯ ಮಾಡಿಕೊಂಡಿದ್ದಳು. ಪ್ರತಿ ಕೀಲಿಯನ್ನೂ ಕೊಕ್ಕೆಯಲ್ಲಿದ್ದ ಹಾಗೇ ಟೇಪು ಹಚ್ಚಿ ಅಂಟಿಸುವುದು, ಹಲಗೆಯನ್ನು ಇಡಿಯಾಗಿ ಕಳಚಿ ಮಲಗಿಸಿಕೊಂಡು ಒಯ್ಯುವುದು. ಟೇಪಿನ ನಾಲ್ಕು ಸುರುಳಿಯನ್ನೂ ತಂದಿದ್ದಳು. ಆದರೆ ಬೆಳಿಗ್ಗೆ ಎಂಟು ಗಂಟೆಗೇ ಯಜಮಾನರು, "ನೀನು ಹೋಗಿ ಆ ಕಡೆ ನಿಂತ್ಕೊಳಮ್ಮಾ, ಮೇಜು ಇಳಿಸುವಾಗ ಗಾಜು ಒಡೀತಾರೆ" ಎಂದು ಅವಳನ್ನು ಹೊಸ ಕಚೇರಿಗೆ ಅಟ್ಟಿದರು. ಹೋಗುವಾಗ ಅವಳು ಅಳಿಯನಿಗೆ ಹಲಗೆಯನ್ನು ತೋರಿಸಿ, "ಜೋಪಾನ" ಎಂದಳು. ಅಳಿಯ ಲಾರಿಯ ಮೇಸ್ತ್ರಿಯನ್ನು ಕರೆದು, "ಇದನ್ನ ಜೋಪಾನವಾಗಿ, ಅಚ್ಚುಕಟ್ಟಾಗಿ ತರಬೇಕು" ಎಂದ. ಆಮೇಲೆ ಇಬ್ಬರೂ ಸೇರಿ ತಲೆ ಓಡಿಸಿದರು.

ಮಧ್ಯಾಹ್ನ ಲಾರಿ ಬಂತು. ಮೊದಲು ಇಳಿದದ್ದು ಖಾಲಿ ಹಲಗೆ. ಅದರ ಹಿಂದೆ ಮೇಸ್ತ್ರಿ ಇಳಿದ, ಎರಡೂ ಕೈಯಲ್ಲಿ ಉದ್ದನೆಯ ಹಗ್ಗವೊಂದನ್ನು ಎತ್ತಿ ಹಿಡಿದು. ನೂರ ಮೂವತ್ತೇಳು ಕೀಲಿಗಳೂ ಅದರಲ್ಲಿ ಪೋಣಿಸಿದ್ದವು.

"ಒಂದೂ ಕಳೆದಿಲ್ಲ ಅಕ್ಕಾ, ಎಣಿಸ್ಕೊಳ್ಳಿ," ಎಂದ ಮೇಸ್ತ್ರಿ. ಮುಖದಲ್ಲಿ ಹೆಮ್ಮೆ ತುಳುಕುತ್ತಿತ್ತು. "ಸೈಜ್ ಪ್ರಕಾರ ಹಾಕಿದೀವಿ. ಈ ತುದೀಲಿ ಅತೀ ದೊಡ್ಡದು, ಆ ತುದೀಲಿ ಅತೀ ಚಿಕ್ಕದು. ಸಾಹೇಬ್ರೇ ನಿಂತು ಅಳತೆ ನೋಡಿದ್ರು. ಒಂದೂವರೆ ಗಂಟೆ ಹಿಡೀತು."

ಕೀಲಿಯಕ್ಕ ಅಲ್ಲಿದ್ದ ಫೈಲಿನ ಡಬ್ಬದ ಮೇಲೆ ಕೂತಳು. ಡಬ್ಬ ಅವಳ ಭಾರಕ್ಕೆ ನಿಧಾನವಾಗಿ ಕುಸಿಯಿತು. ಅವಳು ಏಳಲಿಲ್ಲ, ಅದರ ಜೊತೆಯಲ್ಲೇ ಇಳಿದಳು.

"ಯಾಕಕ್ಕಾ, ತಪ್ಪಾಯ್ತಾ?" ಎಂದ ಮೇಸ್ತ್ರಿ.

"ಇಲ್ಲಪ್ಪ. ತುಂಬಾ ಚೆನ್ನಾಗಿ ಪೋಣಿಸಿದೀಯ."

ಯಜಮಾನರಿಗೆ ವಿಷಯ ತಿಳಿದಾಗ ಅವರು ಅಳಿಯನ ಮುಖ ನೋಡಿದರು, ಹಗ್ಗ ನೋಡಿದರು, ಮತ್ತೆ ಅಳಿಯನ ಮುಖ ನೋಡಿದರು. ಮಗಳ ನೆನಪಾಗಿಯೋ ಏನೋ, ಬಾಯಿಗೆ ಬಂದದ್ದನ್ನು ನುಂಗಿಕೊಂಡರು. ಮುಂದಿನ ಬುಧವಾರ ಹೊಸ ಕಚೇರಿಯ ಆರಂಭಕ್ಕೆ ಮನೆಗಳ ಒಡೆಯರು ನಲವತ್ತು ಜನ ಬರುವವರಿದ್ದರು. ವರ್ಷದ ಮಾರುಕಟ್ಟೆ ಮುನ್ನೋಟವನ್ನು ಅಳಿಯ ಓದುವವನಿದ್ದ. "ನಿಮ್ಮ ಮನೆ ಕೀಲಿ ಯಾವುದು ಅಂತ ನಮಗೇ ಗೊತ್ತಿಲ್ಲ ಅನ್ನೋದು ಒಬ್ಬನ ಕಿವಿಗೆ ಬಿದ್ರೂ ನಮ್ಮ ಕಥೆ ಮುಗೀತು," ಎಂದರು. "ಏನಮ್ಮಾ, ನಿನಗೆ ಗುರುತು ಸಿಗಲ್ವಾ?"

ಅವಳು ಕಣ್ಣು ಮುಚ್ಚಿ ಒಂದೊಂದನ್ನೇ ಬೆರಳಲ್ಲಿ ಸವರಿದಳು. ನಲವತ್ತೊಂದು ಕೀಲಿಗಳು ಕೈಗೆ ಪರಿಚಯ ಹೇಳಿದವು. ಉಳಿದ ತೊಂಬತ್ತಾರು ಹೇಳಲಿಲ್ಲ. ಅವನ್ನು ಬಾಗಿಲಿಂದ ಬಾಗಿಲಿಗೆ ಹೋಗಿ ಹಾಕಿ ನೋಡುವುದೊಂದೇ ದಾರಿ. ಪೋಣಿಸಿದ ತಪ್ಪಿಗೆ ಕಾರು ಓಡಿಸುವ ಶಿಕ್ಷೆ ಅಳಿಯನಿಗೆ ಬಿತ್ತು.

"ನಿಧಾನಕ್ಕೆ ಹುಡುಕು," ಎಂದಳು ಅತ್ತೆ ಆ ಸಂಜೆ, ಗೋಡೆಗಲ್ಲ, ನೇರ ಸೊಸೆಗೇ. "ಇವತ್ತು ಎಲ್ಲ ಸರಿ ಮಾಡಿ ಕೊಟ್ರೆ ನಾಳೆ ಆ ಪೆಟ್ಟಿಗೆಗೆ ಹಾಕ್ಕೊಂಡು ನಿನಗೆ ಕೈ ಮುಗೀತಾರೆ. ವರ್ಷಗಟ್ಟಲೆ ಹುಡುಕು. ಸಿಕ್ಕಿದ್ರೂ ಸಿಗಲಿಲ್ಲ ಅನ್ನು."

"ಹಾಗೆ ಮಾಡೋಕೆ ಬರಲ್ಲ ಅತ್ತೆ."

"ಬರಲ್ಲ ಅಂತ ಗೊತ್ತು. ಹೇಳೋದು ನನ್ನ ಧರ್ಮ."

ರಾತ್ರಿಯೆಲ್ಲ ಯೋಚಿಸಿದರೂ ಕೀಲಿಯಕ್ಕನಿಗೆ ಬೇರೆ ದಾರಿ ತೋರಲಿಲ್ಲ. ಕೆಲಸ ಬೇಗ ಮುಗಿದಷ್ಟೂ ತನ್ನ ಕೆಲಸವೂ ಬೇಗ ಮುಗಿಯುತ್ತದೆ. ಗೊತ್ತಿದ್ದೂ ಬೆಳಿಗ್ಗೆ ಏಳೂವರೆಗೇ ಬಸ್ಸು ಹಿಡಿದಳು.

ಹಲಗೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ ನಿಲ್ಲಿಸಿ, ಬೀಳದಂತೆ ಸೀಟುಬೆಲ್ಟು ಬಿಗಿದರು. ಸಿಕ್ಕ ಕೀಲಿ ಸಿಕ್ಕ ಕೂಡಲೇ ಅದರ ಕೊಕ್ಕೆಗೆ. ಹಗ್ಗ ಕೀಲಿಯಕ್ಕನ ಮಡಿಲಲ್ಲಿ.

ಮೊದಲ ದಿನ ಹದಿನಾರು ಸಿಕ್ಕವು. ಆಸ್ಪತ್ರೆ ರಸ್ತೆಯ ಕಟ್ಟಡವೊಂದರಲ್ಲಿ ಅಳಿಯ ಮೂರನೆಯ ಮಹಡಿ ಎಂದುಕೊಂಡು ಎರಡನೆಯ ಮಹಡಿಯ ಬಾಗಿಲಿಗೆ ಕೀಲಿ ತೂರಿಸುತ್ತಿದ್ದ. ಏಳು ಕೀಲಿ ಆದಮೇಲೆ ಬಾಗಿಲು ಒಳಗಿನಿಂದಲೇ ತೆರೆಯಿತು. ಮುದುಕರೊಬ್ಬರು ಓದುವ ಕನ್ನಡಕದ ಮೇಲಿಂದ ನೋಡುತ್ತ ನಿಂತಿದ್ದರು.

"ಬೆಲ್ ಇದೆಯಲ್ಲಪ್ಪ," ಎಂದರು. "ಕಳ್ಳರಾದ್ರೂ ಇಷ್ಟು ಹೊತ್ತು ಕಷ್ಟಪಡಲ್ಲ. ಬೀಗಕ್ಕೆ ಎಣ್ಣೆ ಬಿಡ್ತೀರೇನೋ ಅಂತ ಸುಮ್ಮನೆ ಇದ್ದೆ."

ಎರಡನೆಯ ದಿನ ಹೊಸ ಬಡಾವಣೆಯ ಕಟ್ಟಡಕ್ಕೆ ಹೋದರು. ಅಲ್ಲಿ ಮಾರಾಟಕ್ಕಿದ್ದ ಮನೆಗಳು ಹನ್ನೊಂದು. ಮೊದಲ ಬಾಗಿಲಿಗೆ ಮೊದಲ ಕೀಲಿಯೇ ಹೊಂದಿತು. ಅಳಿಯ ಹಿಗ್ಗಿದ. ಎರಡನೆಯ ಬಾಗಿಲಿಗೆ ಕೈತಪ್ಪಿ ಅದೇ ಕೀಲಿಯನ್ನು ಹಾಕಿದ. ಅದೂ ತೆರೆಯಿತು. ಮೂರನೆಯದೂ ತೆರೆಯಿತು. ಅವನ ಹಿಗ್ಗು ಮಹಡಿಗೊಂದಿಷ್ಟು ಇಳಿಯುತ್ತ ಹೋಗಿ, ಹನ್ನೊಂದನೆಯ ಬಾಗಿಲು ತೆರೆಯುವಾಗ ಹಣೆಯಲ್ಲಿ ಬೆವರು ಮೂಡಿತ್ತು.

"ಅಕ್ಕಾ, ಎಲ್ಲಾ ಬೀಗಾನೂ ಒಂದೇ! ಇದನ್ನ ಮುನ್ನೋಟದಲ್ಲಿ ಹೇಗೆ ಬರೀಲಿ?"

"ಮುನ್ನೋಟದಲ್ಲಿ ಬೇಡಿ. ಕಟ್ಟಿದವರಿಗೆ ಫೋನ್ ಮಾಡಿ, ಬೀಗ ಬದಲಾಯಿಸ್ಲಿ."

ಅವನು ಫೋನ್ ಮಾಡಿದ. ಆ ದಿನ ಊಟದ ಹೊತ್ತಿಗೆ ಕಾರಿನಲ್ಲೇ ಕೂತು ಮುನ್ನೋಟದ ಹಾಳೆಯನ್ನು ತೆಗೆದು ಅವಳಿಗೆ ಓದಿ ಹೇಳಿದ. ಒಂದು ತಿಂಗಳಿಂದ ಬರೆದದ್ದಂತೆ. "ದೊಡ್ಡ ಮನೆಗಳ ಬೇಡಿಕೆ ಏರುಮುಖವಾಗಿದ್ದು, ಒಡೆಯರು ಆತುರಪಡದೆ ಕಾಯುವುದು ಲಾಭದಾಯಕ." ಓದಿ ಮುಗಿಸಿ, "ಹೇಗಿದೆ?" ಎಂದ.

ಕೀಲಿಯಕ್ಕ ಮಡಿಲಿನ ಹಗ್ಗವನ್ನು ನೋಡುತ್ತಿದ್ದಳು. ಬಿಸಿಲು ಅದರ ಮೇಲೆ ಬಿದ್ದಿತ್ತು. ಗೋಡೆಯ ಮೇಲೆ ಇಪ್ಪತ್ತೆರಡು ವರ್ಷ ನೋಡಿದರೂ ಕಾಣದಿದ್ದದ್ದು ಈಗ ಕಂಡಿತು. ಹಗ್ಗದ ಒಂದು ತುದಿ ಕೆಂಪಗಿತ್ತು, ಇನ್ನೊಂದು ತುದಿ ಬೆಳ್ಳಗೆ ಹೊಳೆಯುತ್ತಿತ್ತು. ದೊಡ್ಡ ಹಳೆ ಮನೆಗಳ ದೊಡ್ಡ ಕೀಲಿಗಳಿಗೆಲ್ಲ ತುಕ್ಕು. ಚಿಕ್ಕ ಮನೆಗಳ ಚಿಕ್ಕ ಕೀಲಿಗಳು ಕೈಯಿಂದ ಕೈಗೆ ಓಡಾಡಿ ಅಂಚು ಸವೆದಿದ್ದವು. ಒಂದೆರಡು ಮಾತ್ರ ಈ ಲೆಕ್ಕಕ್ಕೆ ಹೊಂದಲಿಲ್ಲ. ಉಳಿದವೆಲ್ಲ ಹೊಂದಿದವು.

"ಇದನ್ನ ನೋಡಿ," ಎಂದಳು.

"ತುಕ್ಕು. ಹವಾಮಾನ ಅಕ್ಕ, ತೇವ ಜಾಸ್ತಿ."

"ಎಲ್ಲ ಕೀಲೀನೂ ಒಂದೇ ಗೋಡೆ ಮೇಲಿತ್ತು. ಒಂದೇ ಹವಾಮಾನ."

ಅಳಿಯ ಹಗ್ಗವನ್ನು ತನ್ನ ಕಡೆಗೆ ಎಳೆದುಕೊಂಡ.

"ಇಂಥ ದೊಡ್ಡ ಕೀಲೀನ ಕೇಳಿ ಯಾರಾದ್ರೂ ಬಂದು ಎಷ್ಟು ದಿನ ಆಯ್ತು?"

"ಎರಡು ವರ್ಷ ಆಗ್ತಾ ಬಂತು. ಆ ತುದೀಲಿರೋ ಅಂಥ ಚಿಕ್ಕದೊಂದು ಮೊನ್ನೆ ಒಂದೇ ವಾರದಲ್ಲಿ ಐದು ಸಲ ಹೋಗಿ ಬಂತು. ಕೇಳೋರೆಲ್ಲ ಹೊಸದಾಗಿ ಸಂಸಾರ ಹೂಡೋರು, ಇಲ್ಲಾ ಒಬ್ಬೊಬ್ಬರೇ ಇರೋರು. ಎರಡು ರೂಮಿದ್ರೆ ಸಾಕು ಅಂತಾರೆ. ದೊಡ್ಡ ಮನೇಲಿ ಗುಡಿಸೋರು ಯಾರು ಅಂತಾರೆ."

ಅಳಿಯ ಹಾಳೆಯನ್ನು ಮಡಿಸಿ ಜೇಬಿಗಿಟ್ಟ. ಆದರೆ ಅಲ್ಲಿಂದ ಮುಂದೆ ಪ್ರತಿ ಬಾಗಿಲು ತೆರೆದಾಗಲೂ ಕೀಲಿಯನ್ನು ಬೆಳಕಿಗೆ ಹಿಡಿದು, "ಇದು?" ಎಂದು ಕೇಳತೊಡಗಿದ. ಮೂರನೆಯ ದಿನ, ಎರಡು ವರ್ಷದಿಂದ ಖಾಲಿ ಎಂದು ಪಟ್ಟಿಯಲ್ಲಿದ್ದ ಮನೆಯ ಬಾಗಿಲು ತೆರೆದರೆ ಒಳಗೆ ಒಡೆಯನೇ ಬನಿಯನ್ನಿನಲ್ಲಿ ಕೂತು ಟಿವಿ ನೋಡುತ್ತಿದ್ದ. "ನೀವು ಯಾರನ್ನೂ ಕರ್ಕೊಂಡು ಬರಲಿಲ್ಲ. ಮನೆ ಹಾಳಾಗುತ್ತಲ್ಲ ಅಂತ ನಾನೇ ಬಂದೆ," ಎಂದ. "ಹೇಳೋಣ ಅಂದ್ಕೊಂಡೆ, ಸಂಕೋಚ ಆಯ್ತು."

ಮಂಗಳವಾರ ಸಂಜೆ ಕೊನೆಯ ಕೀಲಿ ಕೊಕ್ಕೆಗೆ ಬಿತ್ತು. ಹಲಗೆಯನ್ನು ಹೊಸ ಕಚೇರಿಗೆ ತಂದು, ಗೋಡೆಗೆ ಒರಗಿಸಿ ನಿಲ್ಲಿಸಿದರು. ಮೊಳೆ ಹೊಡೆದು ಕೂರಿಸುವ ಮಾತನ್ನು ಯಾರೂ ಎತ್ತಲಿಲ್ಲ. ಕೀಲಿಯಕ್ಕ ತಾನು ತಂದಿದ್ದ ಟೇಪಿನ ಸುರುಳಿಗಳನ್ನು ಬ್ಯಾಗಿಗೆ ಹಾಕಿಕೊಂಡಳು. ನಾಳೆ ಆರಂಭ, ನಾಡಿದ್ದು ಪೆಟ್ಟಿಗೆ, ಆಮೇಲೆ ತನ್ನ ಸರದಿ ಎಂದು ಲೆಕ್ಕ ಹಾಕಿದಳು.

ಬುಧವಾರ ಒಡೆಯರು ನಲವತ್ತಲ್ಲ, ನಲವತ್ಮೂರು ಜನ ಬಂದರು. ಕುರ್ಚಿ ಸಾಲದೆ ಕೆಲವರು ಗಾಜಿಗೆ ಬೆನ್ನು ಕೊಟ್ಟು ನಿಂತರು. ಬಾಗಿಲ ಬಳಿ ನಿಂತು ನೀರು ಕೊಡುವ ಕೆಲಸ ಕೀಲಿಯಕ್ಕನಿಗೆ ಸಿಕ್ಕಿತ್ತು. ಯಜಮಾನರು ಎರಡು ಮಾತಾಡಿದರು, ಅಳಿಯ ಎದ್ದು ನಿಂತು ಹಾಳೆ ಬಿಚ್ಚಿದ. ಊರು ಬೆಳೆಯುತ್ತಿದೆ, ರಸ್ತೆ ಅಗಲವಾಗುತ್ತಿದೆ ಎಂಬಲ್ಲಿಯವರೆಗೆ ಸರಾಗವಾಗಿ ಓದಿದ. "ದೊಡ್ಡ ಮನೆಗಳ ಬೇಡಿಕೆ" ಎಂಬಲ್ಲಿ ನಿಂತ. ಮತ್ತೆ "ದೊಡ್ಡ ಮನೆಗಳ" ಎಂದ.

ಮುಂದಿನ ಸಾಲಿನಲ್ಲಿದ್ದ, ಆರು ಕೋಣೆಯ ಹಳೆ ಮನೆಯ ಒಡೆಯರಾದ ನಿವೃತ್ತ ಗುತ್ತಿಗೆದಾರರಿಗೆ ತಾಳ್ಮೆ ಕಡಿಮೆ. "ಏರುತ್ತೋ ಇಳಿಯುತ್ತೋ ಅಷ್ಟು ಹೇಳಪ್ಪ. ನನ್ನ ಮನೆ ಈ ವರ್ಷ ಹೋಗುತ್ತೋ ಇಲ್ವೋ?"

ಅಳಿಯ ಹಾಳೆಯನ್ನು ನೋಡಿದ. ಆಮೇಲೆ ಬಾಗಿಲ ಕಡೆ ನೋಡಿದ. "ಅದನ್ನ ಅಕ್ಕ ಹೇಳ್ತಾರೆ," ಎಂದ.

ನಲವತ್ಮೂರು ಕತ್ತುಗಳು ತಿರುಗಿದವು. ಕೀಲಿಯಕ್ಕನ ಕೈಯಲ್ಲಿ ನೀರಿನ ತಟ್ಟೆಯಿತ್ತು. ಎಲ್ಲಿಡಬೇಕೆಂದು ತೋಚದೆ ಹಿಡಿದುಕೊಂಡೇ ಹೇಳಿದಳು. "ಈಗ ಹೇಳ್ತಿರೋ ಬೆಲೆಗೆ ಹೋಗಲ್ಲ ಸಾರ್. ನಿಮ್ಮ ಕೀಲಿ ಹೊರಗೆ ಹೋಗಿದ್ದು ಹೋದ ವರ್ಷ ಒಂದು ಸಲ. ಅದೂ ಸುಣ್ಣ ಬಳಿಯೋರು ತಗೊಂಡು ಹೋಗಿದ್ರು."

ಯಜಮಾನರು ಕಣ್ಣು ಮುಚ್ಚಿಕೊಂಡರು.

"ಏನಮ್ಮಾ ನೀನು, ನನ್ನ ಮನೆಗೇ ಹೆಸರಿಡ್ತೀಯ?" ಎಂದು ಗುತ್ತಿಗೆದಾರರು ಎದ್ದರು. "ಎಲ್ಲಿ ನನ್ನ ಕೀಲಿ? ತೋರಿಸು!"

ಅವಳು ತಟ್ಟೆಯನ್ನು ಅವರ ಕೈಗೇ ಕೊಟ್ಟು, ಹಲಗೆಯ ಕೆಳಸಾಲಿನಿಂದ ಕೀಲಿ ತೆಗೆದು ತೋರಿಸಿದಳು. ತುಕ್ಕಿನ ಪುಡಿ ಅಂಗೈಗೆ ಹತ್ತಿತು. ಪಕ್ಕದಲ್ಲಿ ರೈಲು ಹಳಿಯಾಚೆಯ ಎರಡು ಕೋಣೆಯ ಮನೆಯ ಕೀಲಿಯನ್ನೂ ಹಿಡಿದಳು. ಅದರಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಗುತ್ತಿಗೆದಾರರು ನೀರಿನ ತಟ್ಟೆ ಹಿಡಿದು ಎರಡನ್ನೂ ಬಹಳ ಹೊತ್ತು ನೋಡಿದರು.

"ನಡುವೆ ಗೋಡೆ ಹಾಕಿಸಿ ಎರಡು ಮನೆ ಮಾಡಿದ್ರೆ?" ಎಂದರು ಕೊನೆಗೆ, ಸಣ್ಣ ದನಿಯಲ್ಲಿ.

"ಮೂರು ಮಾಡಿಸಿ. ಆರು ರೂಮಿದೆಯಲ್ಲ."

ಅಷ್ಟೇ ಸಾಕಾಯಿತು. ಉಳಿದವರೂ ಎದ್ದು ಬಂದು ಹಲಗೆಯ ಮುಂದೆ ಸಾಲುಗಟ್ಟಿದರು. "ನನ್ನದು ನೋಡಿ ಅಕ್ಕ." "ತುಕ್ಕಿಲ್ಲ ತಾನೇ?" "ಇದು ತುಕ್ಕಲ್ಲ, ಇದರ ಬಣ್ಣಾನೇ ಹೀಗೆ." ಆಸ್ಪತ್ರೆ ರಸ್ತೆಯ ಹೆಂಗಸೊಬ್ಬಳು ತನ್ನ ಕೀಲಿ ಹೊಳೆಯುವುದನ್ನು ಕಂಡು, ಪಕ್ಕದವಳಿಗೆ ತೋರಿಸಿ ಬಂದಳು. ಮುನ್ನೋಟದ ಹಾಳೆ ಮೇಜಿನ ಮೇಲೇ ಉಳಿಯಿತು. ದೊಡ್ಡ ಮನೆಯನ್ನು ಭಾಗ ಮಾಡಿಸಲು, ಬೆಲೆ ಇಳಿಸಲು ಒಪ್ಪಿದವರು ಆ ದಿನವೇ ಒಂಬತ್ತು ಜನ. ಮೂವತ್ತು ವರ್ಷದಲ್ಲಿ ಯಜಮಾನರು ಕೈಕಾಲು ಹಿಡಿದರೂ ಇಷ್ಟು ಜನ ಒಪ್ಪಿರಲಿಲ್ಲ.

ಎಲ್ಲರೂ ಹೋದಮೇಲೆ ಯಜಮಾನರು ಅಳಿಯನನ್ನು ಕರೆದು, "ಆ ಪೆಟ್ಟಿಗೆ ಕೀಲಿ ಕೊಡುತ್ತೆ, ಸರಿ. ಇದನ್ನೆಲ್ಲ ಹೇಳುತ್ತಾ?" ಎಂದು ಕೇಳಿದರು.

"ಇಲ್ಲ ಮಾವ. ಬೇಡ ಅಂತ ಬೆಳಿಗ್ಗೇನೇ ಫೋನ್ ಮಾಡಿದೆ." ಅಳಿಯ ಕೀಲಿಯಕ್ಕನ ಕಡೆ ತಿರುಗಿದ. "ಅಕ್ಕಾ, ಈ ಮೂಲೇಲಿ ನಿಮಗೊಂದು ಮೇಜು ಹಾಕ್ತೀವಿ. ಹಲಗೆ ಹಿಂದಿನ ಗೋಡೆಗೆ. ಆಗಬಹುದಾ?"

ಕೀಲಿಯಕ್ಕನಿಗೆ ಎದೆ ತುಂಬಿ ಬಂತು. ಆದರೆ ಅವಳು ಹೂಂ ಅನ್ನಲಿಲ್ಲ. ಆ ಮೂಲೆಗೆ ಹೋಗಿ ನಿಂತಳು. ಗೋಡೆಯನ್ನು ಬೆರಳ ಗೆಣ್ಣಿನಿಂದ ಎರಡು ಕಡೆ ತಟ್ಟಿದಳು. ಚಾವಣಿ ನೋಡಿದಳು. ಸ್ವಿಚ್ಚು ಹಾಕಿ ಆರಿಸಿದಳು. ನಾಲ್ಕು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ ಅಳೆದಳು. ಪಕ್ಕದ ಬಾಗಿಲು ತೆರೆದು, ಅದು ಕಕ್ಕಸಿನದು ಎಂದು ಖಚಿತಪಡಿಸಿಕೊಂಡು, ಮುಚ್ಚಿದಳು.

"ಮನೇಲಿ ಕೇಳಿ ಹೇಳ್ತೀನಿ," ಎಂದಳು.

ಯಜಮಾನರ ಮುಖ ಇಳಿದುಹೋಯಿತು. ಆ ಮಾತು ಹೇಳಿ ಮೆಟ್ಟಿಲಿಳಿದವರಲ್ಲಿ ಎಷ್ಟು ಜನ ಮರಳಿ ಬಂದಿದ್ದರೆಂದು ಅವರಿಗೆ ಗೊತ್ತಿತ್ತು.

ಅವಳು ನಿಜವಾಗಿಯೂ ಮನೆಯಲ್ಲಿ ಕೇಳಿದಳು. ಗಂಡ ಗಾಜಿನ ಚೂರೊಂದನ್ನು ಒರೆಸುತ್ತ, "ಒಪ್ಕೋ" ಎಂದ. ಅತ್ತೆ ಅಷ್ಟು ಸುಲಭಕ್ಕೆ ಬಿಡುವವಳಲ್ಲ.

"ಗಾಳಿ ಬೆಳಕು ಇದೆಯಾ?"

"ಬೆಳಕಿದೆ. ಗಾಳಿ ಸ್ವಲ್ಪ ಕಡಿಮೆ. ಪಕ್ಕದಲ್ಲಿ ಕಕ್ಕಸು."

"ಎದುರಿಗೆ?"

"ಕಿಟಕಿ. ಅಲ್ಲಿ ಅಳಿಯಂದಿರ ಮೇಜಿದೆ."

ಅತ್ತೆ ಹಾಸಿಗೆಯ ಮೇಲೆ ಎದ್ದು ಕೂತಳು. "ಕಿಟಕಿ ಬಿಟ್ಟು ಕಕ್ಕಸಿನ ಪಕ್ಕ ಕೂರ್ತೀಯಾ? ಮನೆ ತೋರಿಸೋಳು ನೀನು! ಬೇರೆಯೋರಿಗೆ ಅಂಥ ಮನೆ ತೋರಿಸ್ತೀಯಾ?"

"ಇಲ್ಲ."

"ಮತ್ತೆ?"

ಮರುದಿನ ಬೆಳಿಗ್ಗೆ ಕೀಲಿಯಕ್ಕ ಹೋದಾಗ ಅಳಿಯ ಗಾಜು ಒರೆಸುತ್ತಿದ್ದ. ಅವಳನ್ನು ಕಂಡು ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತ.

"ಮನೇಲಿ ಒಪ್ಪಿದ್ರು," ಎಂದಳು. ಆಮೇಲೆ ಅವನ ಮೇಜಿನತ್ತ ಕೈ ತೋರಿಸಿ, "ಆದ್ರೆ ಕಿಟಕಿ ಕಡೆಯದು ಕೊಟ್ರೆ," ಎಂದಳು.

ಅಳಿಯ ಕಿಟಕಿ ನೋಡಿದ, ತನ್ನ ಮೇಜು ನೋಡಿದ, ಅದರ ಮೇಲೆ ಉದ್ದದ ಪ್ರಕಾರ ಜೋಡಿಸಿದ್ದ ಪೆನ್ನುಗಳನ್ನು ನೋಡಿದ. ನಂತರ ಪೆನ್ನುಗಳನ್ನೆಲ್ಲ ಒಂದೇ ಹಿಡಿಗೆ ಬಾಚಿ ಜೇಬಿಗೆ ತುರುಕಿ, ಮೇಜಿನ ಒಂದು ತುದಿಗೆ ಕೈ ಹಾಕಿದ. ಇನ್ನೊಂದು ತುದಿಯನ್ನು ಅವಳು ಹಿಡಿದಳು.

"ಎಳೀಬೇಡಿ," ಎಂದಳು, "ಎತ್ತಿ. ಹೊಸ ನೆಲ, ಗೀರು ಬೀಳುತ್ತೆ."